ಹಿರಿಯ ವಿಜ್ಞಾನಿಯ ಅರ್ಜಿ: ಹೆಸರಿಗೆ ಎಷ್ಟು ಅಂಕ?

ನನಗೆ ಪರಿಚಯದ ಒಬ್ಬ ಜೀವವಿಜ್ಞಾನಿ ಇದ್ದಾರೆ. ಸ್ವಂತ ಲ್ಯಾಬ್ ಶುರು ಮಾಡಿ 26 ವರ್ಷ ಆಯಿತು. ಹೊರಗಿನಿಂದ ನೋಡಿದರೆ ಅವರಿಗೆ ಇನ್ನೇನೂ ಬೇಕಾಗಿಲ್ಲ. ಹೆಸರಿದೆ, ಒಳ್ಳೆಯ ಜರ್ನಲ್‌ಗಳಲ್ಲಿ ಪೇಪರ್‌ಗಳಿವೆ, ಅವರ ಹತ್ತಿರ ಕಲಿತವರು ಈಗ ತಾವೇ ಲ್ಯಾಬ್ ಕಟ್ಟಿಕೊಂಡಿದ್ದಾರೆ. ಹೋದ ವರ್ಷ ಒಂದು ದೊಡ್ಡ ಅನುದಾನಕ್ಕೆ ಅರ್ಜಿ ಬರೆದರು. ಸ್ಪೆಲಿಂಗ್ ತಪ್ಪು ನೋಡು ಅಂತ ಕರಡನ್ನು ಪಿಎಚ್‌ಡಿ ವಿದ್ಯಾರ್ಥಿನಿಯ ಕೈಗೆ ಕೊಟ್ಟರು. ಎರಡು ದಿನ ಬಿಟ್ಟು ಆಕೆ ಬಂದು, ಸ್ವಲ್ಪ ಹಿಂಜರಿಯುತ್ತಲೇ ಕೇಳಿದಳು: "ಮೇಡಂ, ಎರಡನೇ ಭಾಗದಲ್ಲಿ ಇರೋದನ್ನ ನಾವು ಆಗಲೇ ಮಾಡಿ ಮುಗಿಸಿದ್ದೀವಿ ಅಲ್ವಾ?"

ಮೇಡಂ ನಕ್ಕರಂತೆ. "ಹೌದಮ್ಮ. ಅದಕ್ಕೇ ಅದು ಆಗುತ್ತೆ ಅಂತ ಅಷ್ಟು ಧೈರ್ಯವಾಗಿ ಬರೆದಿದ್ದೀನಿ."

ಈ ಒಂದು ಮಾತು ಅರ್ಥವಾದರೆ ಸಂಶೋಧನಾ ಅನುದಾನದ ಲೋಕ ಅರ್ಧ ಅರ್ಥವಾದ ಹಾಗೆ. ಹಣ ಕೊಡುವ ಸಂಸ್ಥೆಗಳು ಪ್ರಕಟಣೆಯಲ್ಲಿ ಹೊಸತನ ಕೇಳುತ್ತವೆ. ಯಾರೂ ತುಳಿಯದ ದಾರಿ ಇರಲಿ, ಅಪಾಯ ಇದ್ದರೂ ಪರವಾಗಿಲ್ಲ ಅನ್ನುತ್ತವೆ. ಆದರೆ ಅರ್ಜಿ ಓದುವ ಪರಿಶೀಲಕರು ಕೇಳುವ ಪ್ರಶ್ನೆಯೇ ಬೇರೆ: ಇದು ಆಗುತ್ತೆ ಅನ್ನೋದಕ್ಕೆ ಏನು ಪುರಾವೆ? ಪುರಾವೆ ಅಂದರೆ ಮೊದಲೇ ಮಾಡಿಟ್ಟುಕೊಂಡ ಪ್ರಯೋಗಗಳ ಫಲಿತಾಂಶ. ಆ ಪ್ರಯೋಗಗಳಿಗೆ ದುಡ್ಡು ಎಲ್ಲಿಂದ ಬಂತು? ಹಿಂದಿನ ಅನುದಾನದಿಂದ. ಹೀಗೆ ನೆಲೆಯೂರಿದ ಎಷ್ಟೋ ಲ್ಯಾಬ್‌ಗಳ ಲೆಕ್ಕ ಒಂದು ಸುತ್ತು ತಡವಾಗಿ ಓಡುತ್ತಿರುತ್ತದೆ. ಹಣ ಕೇಳುವುದು ಅರ್ಧ ಮುಗಿದ ಕೆಲಸ ತೋರಿಸಿ. ಆ ಹಣದಲ್ಲಿ ಒಂದು ಪಾಲು ಖರ್ಚಾಗುವುದು ಅದರ ಮುಂದಿನ ಯೋಚನೆಯ ಮೇಲೆ. ಎಲ್ಲರಿಗೂ ಗೊತ್ತಿರುವ ಗುಟ್ಟು ಇದು. ಯಾರೂ ಇದನ್ನು ಮೋಸ ಅನ್ನುವುದಿಲ್ಲ. ಆದರೆ ಈ ಚಕ್ರ ಓಡುವುದು ಒಮ್ಮೆ ಅದನ್ನು ಹತ್ತಿದವರಿಗೆ ಮಾತ್ರ. ನಡುವೆ ಒಂದು ಸುತ್ತು ತಪ್ಪಿದರೆ ಹಿರಿಯರಿಗೂ ಮತ್ತೆ ಹತ್ತುವುದು ಕಷ್ಟ.

ಹಿರಿಯರಿಗೆ ಅನುದಾನ ಸಲೀಸಾಗಿ ಸಿಗುತ್ತದೆ ಅನ್ನುವ ಮಾತು ಕಿರಿಯರ ನಡುವೆ ಓಡಾಡುತ್ತಿರುತ್ತದೆ. ಸುಳ್ಳೇನೂ ಅಲ್ಲ. ಆದರೆ ಹಿರಿಯರಿಗೇ ಅಂತ ಇರುವ ಸ್ಪರ್ಧೆಗಳನ್ನು ನೋಡಿ. ಯುರೋಪಿಯನ್ ರಿಸರ್ಚ್ ಕೌನ್ಸಿಲ್‌ನ ಅಡ್ವಾನ್ಸ್‌ಡ್ ಗ್ರ್ಯಾಂಟ್ ಇಂಥದ್ದು. ಐದು ವರ್ಷಕ್ಕೆ 25 ಲಕ್ಷ ಯೂರೋವರೆಗೆ ಸಿಗುತ್ತದೆ. ಅರ್ಜಿ ಹಾಕುವವರು ತಮ್ಮ ಕ್ಷೇತ್ರದಲ್ಲಿ ಆಗಲೇ ಗುರುತಿಸಿಕೊಂಡವರಾಗಿರಬೇಕು ಅನ್ನುವುದೇ ಇದರ ನಿರೀಕ್ಷೆ. 2024ರ ಸುತ್ತಿಗೆ 2,534 ಅರ್ಜಿ ಬಂದವು, ಸಿಕ್ಕಿದ್ದು 281 ಮಂದಿಗೆ. ಅಂದರೆ ನೂರಕ್ಕೆ ಹನ್ನೊಂದು. ಮರು ವರ್ಷದ ಸುತ್ತಿಗೆ ಅರ್ಜಿಗಳ ಸಂಖ್ಯೆ 3,300 ದಾಟಿತು. ಎಲ್ಲರಿಗೂ ಹೆಸರಿರುವ ಕಡೆ ಹೆಸರು ಯಾವ ಲೆಕ್ಕ? ಸೋತವರು ಮುಂದಿನ ವರ್ಷ ಮತ್ತೆ ನೋಡೋಣ ಅನ್ನುವ ಹಾಗೂ ಇಲ್ಲ. ಮೊದಲ ಹಂತದಲ್ಲೇ ಕೆಳಗಿನ ದರ್ಜೆ ಬಂದರೆ ಒಂದೆರಡು ವರ್ಷ ಅರ್ಜಿ ಹಾಕುವಂತಿಲ್ಲ ಅನ್ನುವ ನಿಯಮವಿದೆ. ಅರವತ್ತರ ಹತ್ತಿರ ಇರುವ ವಿಜ್ಞಾನಿಗೆ ಎರಡು ವರ್ಷ ಅಂದರೆ ಸಣ್ಣ ಮಾತಲ್ಲ.

ಹೆಸರು ಎಲ್ಲಿ ಕೆಲಸ ಮಾಡುತ್ತದೆ, ಎಲ್ಲಿ ತಿರುಗಿ ಬೀಳುತ್ತದೆ

ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1968ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಒಂದು ಪೇಪರ್ ಬರೆದರು. ಒಂದೇ ತೂಕದ ಕೆಲಸವನ್ನು ಇಬ್ಬರು ಮಾಡಿದರೂ ಶಹಬ್ಬಾಸ್‌ಗಿರಿ ಹೋಗುವುದು ಆಗಲೇ ಹೆಸರು ಮಾಡಿದವರಿಗೆ ಅನ್ನುವುದು ಅದರ ಸಾರ. ಬೈಬಲ್‌ನ ಒಂದು ಸಾಲು ಹಿಡಿದು ಅದಕ್ಕೆ ಮ್ಯಾಥ್ಯೂ ಪರಿಣಾಮ ಅಂತ ಹೆಸರಿಟ್ಟರು. ಇದ್ದವರಿಗೇ ಇನ್ನಷ್ಟು ಅನ್ನೋದನ್ನ ನಾವು ಯಾವಾಗಲೂ ಹೇಳುತ್ತಲೇ ಇರುತ್ತೇವೆ ಬಿಡಿ. ತಮಾಷೆ ಇರುವುದು ಬೇರೆ ಕಡೆ. ಆ ಪೇಪರ್‌ಗೆ ಮುಖ್ಯ ಆಧಾರ ಸಮಾಜಶಾಸ್ತ್ರಜ್ಞೆ ಹ್ಯಾರಿಯೆಟ್ ಝುಕರ್‌ಮನ್ ನೊಬೆಲ್ ವಿಜೇತರ ಜೊತೆ ನಡೆಸಿದ್ದ ಸಂದರ್ಶನಗಳು. ಝುಕರ್‌ಮನ್ ಹೆಸರೂ ಪೇಪರ್ ಮೇಲೆ ಇರಬೇಕಿತ್ತು ಅಂತ ಮರ್ಟನ್ ಆಮೇಲೆ ತಾವೇ ಒಪ್ಪಿಕೊಂಡರು. ಸಿದ್ಧಾಂತ ಬರೆದ ಪೇಪರೇ ಸಿದ್ಧಾಂತಕ್ಕೆ ಉದಾಹರಣೆ ಆಯಿತು.

ಹಣದ ವಿಷಯದಲ್ಲಿ ಇದು ಹೇಗೆ ನಡೆಯುತ್ತದೆ ಅಂತ ನೆದರ್ಲೆಂಡ್ಸ್‌ನ ಅಂಕಿಅಂಶ ಹಿಡಿದು 2018ರಲ್ಲಿ ಒಂದು ಅಧ್ಯಯನ ಬಂತು. ಹೊಸದಾಗಿ ಕಾಲಿಟ್ಟ ಸಂಶೋಧಕರಲ್ಲಿ ಕಟ್‌ಆಫ್‌ಗಿಂತ ಕೂದಲೆಳೆಯಷ್ಟು ಮೇಲೆ ಬಂದವರನ್ನೂ ಕೂದಲೆಳೆಯಷ್ಟು ಕೆಳಗೆ ಬಿದ್ದವರನ್ನೂ ಹೋಲಿಸಿದರು. ಯೋಗ್ಯತೆಯಲ್ಲಿ ಇಬ್ಬರೂ ಹೆಚ್ಚುಕಡಿಮೆ ಒಂದೇ. ಆದರೆ ಮುಂದಿನ ಎಂಟು ವರ್ಷದಲ್ಲಿ ಗೆದ್ದವರಿಗೆ ಸಿಕ್ಕ ಹಣ ಸೋತವರದ್ದಕ್ಕಿಂತ ಎರಡು ಪಟ್ಟು ಜಾಸ್ತಿ. ಇದಕ್ಕೆ ಪರಿಶೀಲಕರ ಒಲವೊಂದೇ ಕಾರಣವಲ್ಲ. ಸೋತವರಲ್ಲಿ ಎಷ್ಟೋ ಜನ ಮತ್ತೆ ಅರ್ಜಿಯನ್ನೇ ಹಾಕಲಿಲ್ಲ. ಇವತ್ತು ಹಿರಿಯರು ಅನ್ನಿಸಿಕೊಂಡವರೆಲ್ಲ ಹಿಂದೊಮ್ಮೆ ಆ ಗೆರೆಯ ಮೇಲ್ಭಾಗಕ್ಕೆ ಬಿದ್ದವರು. ಇದನ್ನು ಅವರೇ ಮರೆತಿರುತ್ತಾರೆ.

ಇನ್ನು ಹೆಸರು ತಿರುಗಿ ಬೀಳುವ ಕಥೆ. ದೊಡ್ಡ ವಿಜ್ಞಾನಿಯ ಅರ್ಜಿ ಯಾರ ಕೈಗೆ ಹೋಗುತ್ತದೆ? ಅದೇ ವಿಷಯ ಬಲ್ಲವರ ಕೈಗೆ. ಅವರು ಈ ವಿಜ್ಞಾನಿಯ ಹಳೆಯ ಪೇಪರ್‌ಗಳನ್ನೆಲ್ಲ ಓದಿರುತ್ತಾರೆ. ಮೂರನೇ ಪ್ಯಾರಾಕ್ಕೆ ಬರುವಷ್ಟರಲ್ಲಿ 'ಮತ್ತೆ ಅದೇ ರಾಗ, ಅದೇ ಹಾಡು' ಅನ್ನಿಸಿದರೆ ಮುಗಿಯಿತು. ಅಮೆರಿಕದ ಒಂದು ವೈದ್ಯಕೀಯ ಶಾಲೆಯಲ್ಲಿ 15 ಪ್ರಸ್ತಾವಗಳನ್ನು 142 ಪರಿಶೀಲಕರ ಕೈಯಲ್ಲಿ ಓದಿಸಿದ ಪ್ರಯೋಗವೊಂದರ ಫಲ 2016ರಲ್ಲಿ ಪ್ರಕಟವಾಯಿತು. ಅದರಲ್ಲಿ ಎರಡು ವಿಷಯ ಕಂಡವು. ಪ್ರಸ್ತಾವ ತಮ್ಮ ಸ್ವಂತ ವಿಷಯಕ್ಕೆ ಹತ್ತಿರ ಇದ್ದಷ್ಟೂ ಪರಿಶೀಲಕರು ಕಡಿಮೆ ಅಂಕ ಕೊಟ್ಟರು. ತುಂಬಾ ಹೊಸದಾಗಿದ್ದರೂ ಕಡಿಮೆ ಕೊಟ್ಟರು. ಹಿರಿಯ ವಿಜ್ಞಾನಿ ಎರಡಕ್ಕೂ ಸಿಕ್ಕಿಬೀಳುತ್ತಾರೆ. ಹಳೆಯ ದಾರಿಯಲ್ಲೇ ಹೋದರೆ ಓದುವವರು ಆ ಊರಿನವರೇ, ತಪ್ಪು ಹುಡುಕುವುದು ಅವರಿಗೆ ಸುಲಭ. ಹೊಸ ದಾರಿ ಹಿಡಿದರೆ 'ಇವರಿಗೆ ಇದರಲ್ಲಿ ಏನು ಅನುಭವ?' ಅನ್ನುವ ಪ್ರಶ್ನೆ.

ಹೆಸರಿನ ನೆರಳು ಎಷ್ಟು ದಟ್ಟವಾಗಿರುತ್ತದೆ ಅಂತ ತೋರಿಸಿದ ಇನ್ನೊಂದು ಅಧ್ಯಯನ 2019ರದ್ದು. ಕೆಲಸದ ಉತ್ತುಂಗದಲ್ಲಿದ್ದಾಗಲೇ ತೀರಿಕೊಂಡ 452 ದೊಡ್ಡ ಜೀವವಿಜ್ಞಾನಿಗಳನ್ನು ಆರ್ಥಿಕತಜ್ಞ ಪಿಯೆರ್ ಅಜೂಲೆ ಮತ್ತು ಜೊತೆಗಾರರು ಲೆಕ್ಕಕ್ಕೆ ತೆಗೆದುಕೊಂಡರು. ಆ ವಿಜ್ಞಾನಿಗಳು ಹೋದ ಮೇಲೆ ಅವರ ಜೊತೆ ಕೆಲಸ ಮಾಡುತ್ತಿದ್ದವರ ಪೇಪರ್‌ಗಳು ಕಡಿಮೆಯಾದವು. ಆವರೆಗೆ ಆ ಕ್ಷೇತ್ರಕ್ಕೆ ಕಾಲಿಡದ ಹೊರಗಿನವರು ಒಳಗೆ ಬಂದರು. ಅವರ ಕೆಲಸಕ್ಕೆ ಒಳ್ಳೆಯ ಮನ್ನಣೆಯೂ ಸಿಕ್ಕಿತು. ದೊಡ್ಡವರು ಬೇಕಂತಲೇ ಅಡ್ಡಗಾಲು ಹಾಕಿದ್ದರು ಅನ್ನೋದಕ್ಕೆ ಅಲ್ಲಿ ಹೆಚ್ಚು ಪುರಾವೆ ಇಲ್ಲ. ಅವರು ಇರುವ ತನಕ ಬೇರೆಯವರಿಗೆ ಧೈರ್ಯ ಬಂದಿರಲಿಲ್ಲ, ಅಷ್ಟೇ. ಇದನ್ನು ಓದಿದ ಮೇಲೆ ಹಿರಿಯರ ಅನುದಾನದ ಚರ್ಚೆ ಬರೀ ನ್ಯಾಯ ಅನ್ಯಾಯದ ಚರ್ಚೆಯಾಗಿ ನನಗೆ ಕಾಣುತ್ತಿಲ್ಲ. ಯಾವ ಪ್ರಶ್ನೆಗಳು ಯಾರೂ ಕೇಳದೇ ಉಳಿದುಬಿಡುತ್ತವೆ ಅನ್ನುವುದೂ ಅದರೊಳಗೆ ಇದೆ.

ಸಭೆಯ ಕೋಣೆಯೊಳಗೆ

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ, ಅಂದರೆ ಎನ್‌ಐಎಚ್, ನಡೆಸುವ ಕ್ರಮವನ್ನೇ ನೋಡೋಣ. ಜಗತ್ತಿನ ಇನ್ನೂ ಎಷ್ಟೋ ಕಡೆ ಸಣ್ಣಪುಟ್ಟ ಬದಲಾವಣೆ ಬಿಟ್ಟರೆ ಹೆಚ್ಚುಕಡಿಮೆ ಹೀಗೇ ನಡೆಯುತ್ತದೆ. ಅಲ್ಲಿ ಆರ್01 ಅನ್ನುವ ಅನುದಾನವೇ ಲ್ಯಾಬ್ ನಡೆಸುವವರ ಮುಖ್ಯ ಅನ್ನ. ಸಂಶೋಧನೆಯ ವಿವರಕ್ಕೆ 12 ಪುಟ, ಗುರಿಗಳಿಗೆ ಒಂದು ಪುಟ. ಸಾಮಾನ್ಯವಾಗಿ ಮೂವರು ಪರಿಶೀಲಕರು ಅದನ್ನು ಪೂರ್ತಿ ಓದಿ 1ರಿಂದ 9ರೊಳಗೆ ಅಂಕ ಹಾಕುತ್ತಾರೆ. ಇಲ್ಲಿ 1 ಅಂದರೆ ಅತ್ಯುತ್ತಮ. ಆ ಅಂಕಗಳ ಮೇಲೆ ಸುಮಾರು ಕೆಳಗಿನ ಅರ್ಧ ಅರ್ಜಿಗಳನ್ನು ಚರ್ಚೆಗೇ ತೆಗೆದುಕೊಳ್ಳುವುದಿಲ್ಲ. ಉಳಿದವು ಮೇಜಿನ ಮೇಲೆ ಬರುತ್ತವೆ. ಒಂದಕ್ಕೆ ಹದಿನೈದೋ ಇಪ್ಪತ್ತೋ ನಿಮಿಷ. ಮೂವರು ತಮ್ಮ ಅಭಿಪ್ರಾಯ ಹೇಳುತ್ತಾರೆ. ಆಮೇಲೆ ಸಭೆಯ ಉಳಿದವರೂ ಸೇರಿ ಎಲ್ಲರೂ ಅಂಕ ಹಾಕುತ್ತಾರೆ.

ಆ ಉಳಿದವರೇ ಮುಖ್ಯ. ಸಭೆಯಲ್ಲಿ ಇಪ್ಪತ್ತು ಜನ ಇದ್ದರೆ ಹದಿನೇಳು ಜನ ಆ ಅರ್ಜಿಯನ್ನು ಸಾಲು ಸಾಲಾಗಿ ಓದಿರುವುದಿಲ್ಲ. ಚರ್ಚೆ ನಡೆಯುತ್ತಿರುವಾಗ ಗುರಿಗಳ ಆ ಒಂದು ಪುಟದ ಮೇಲೆ ಕಣ್ಣಾಡಿಸುತ್ತಾರೆ. ಹಿರಿಯರು ಎಡವುವುದು ಬಹಳ ಸಲ ಇಲ್ಲೇ. ನನ್ನ ಪರಿಚಯದ ಮೇಡಂ ಅರ್ಜಿಯ ಮೊದಲ ಕರಡಿನಲ್ಲಿ ಆ ಪುಟ ಶುರುವಾಗಿದ್ದು ಹೀಗೆ: "ನಮ್ಮ ತಂಡ ಎರಡು ದಶಕಗಳಿಂದ ಈ ಪ್ರೋಟೀನಿನ ಮೇಲೆ ನಡೆಸುತ್ತಾ ಬಂದಿರುವ ಅಧ್ಯಯನವನ್ನು ಈ ಯೋಜನೆ ಮುಂದುವರಿಸುತ್ತದೆ." ತಪ್ಪೇನಿಲ್ಲ. ಆದರೆ ಓದಿದವರಿಗೆ ಏನು ಅನ್ನಿಸುತ್ತದೆ? ಹಾಗಾದರೆ ಮುಂದುವರಿಯಲಿ, ನಮ್ಮ ದುಡ್ಡು ಯಾಕೆ ಅನ್ನಿಸುತ್ತದೆ. ವಿದ್ಯಾರ್ಥಿನಿಯ ಪ್ರಶ್ನೆಯಾದ ಮೇಲೆ ಮೇಡಂ ಅದನ್ನು ಅಳಿಸಿ ಬರೆದರು: "ಜೀವಕೋಶಕ್ಕೆ ಒತ್ತಡ ಬಿದ್ದಾಗ ಈ ಪ್ರೋಟೀನು ಜಾಗ ಬದಲಿಸುತ್ತದೆ. ಯಾಕೆ ಅಂತ ಯಾರಿಗೂ ಗೊತ್ತಿಲ್ಲ. ಇಷ್ಟು ವರ್ಷ ನಾವು ಕೊಡುತ್ತಾ ಬಂದ ವಿವರಣೆ ತಪ್ಪಿರಬಹುದು ಅನ್ನುವುದಕ್ಕೆ ಈಗ ಎರಡು ಸುಳಿವು ಸಿಕ್ಕಿವೆ." ಎರಡೂ ಅದೇ ಲ್ಯಾಬ್, ಅದೇ ಪ್ರಯೋಗಗಳು. ಎರಡನೆಯದನ್ನು ಬರೆಯೋಕೆ ಹಿರಿಯರಿಗೆ ಸ್ವಲ್ಪ ಗುಂಡಿಗೆ ಬೇಕು. ತನ್ನದೇ ಹಳೆಯ ಪೇಪರ್ ತಪ್ಪಿರಬಹುದು ಅಂತ ಸ್ಪರ್ಧಿಗಳ ಮುಂದೆ ಒಪ್ಪಿಕೊಳ್ಳುವ ವಾಕ್ಯ ಅದು. ಆದರೆ ಇಂಥ ವಾಕ್ಯ ಬರೆಯುವ ಹಕ್ಕು ಇರುವುದೂ ಹಿರಿಯರಿಗೇ. ಹೊಸಬರು ಬರೆದರೆ ಉದ್ಧಟತನ ಅನ್ನಿಸಿಕೊಳ್ಳುತ್ತದೆ.

ಇನ್ನೊಂದು ಎಡವಟ್ಟು, ಎಲ್ಲರಿಗೂ ಗೊತ್ತಿದೆ ಅಂದುಕೊಂಡು ವಿಧಾನಗಳನ್ನು ಎರಡು ಸಾಲಿನಲ್ಲಿ ಮುಗಿಸುವುದು. ನನ್ನ ಪೇಪರ್‌ಗಳಲ್ಲಿ ಇದೆಯಲ್ಲ, ನೋಡಿಕೊಳ್ಳಲಿ ಅನ್ನುವ ಧೋರಣೆ. ಯಾರೂ ಹುಡುಕಿ ನೋಡುವುದಿಲ್ಲ. ಮತ್ತೊಂದು ಪ್ರಶ್ನೆ ಸಭೆಯಲ್ಲಿ ಮೆಲ್ಲಗೆ ತೇಲಿಬರುತ್ತದೆ: ಇವರ ಕೈಯಲ್ಲಿ ಆಗಲೇ ಮೂರು ಯೋಜನೆ ಇವೆ, ಇದಕ್ಕೆ ವರ್ಷಕ್ಕೆ ಎಷ್ಟು ತಿಂಗಳು ಕೊಡುತ್ತಾರೆ? ಬೆಂಚಿನ ಹತ್ತಿರ ನಿಂತು ನಿಜವಾಗಿ ಕೆಲಸ ಮಾಡುವವರು ಯಾರು? ಹಿರಿಯರ ಅರ್ಜಿಯಲ್ಲಿ ಆ ಪೋಸ್ಟ್‌ಡಾಕ್‌ನ (ಪಿಎಚ್‌ಡಿ ಮುಗಿಸಿ ಲ್ಯಾಬ್ ಸೇರಿದ ಸಂಶೋಧಕರ) ಹೆಸರು, ಅವರ ಕೈಚಳಕದ ವಿವರ ಇಲ್ಲದಿದ್ದರೆ ಅಂಕ ಜಾರುತ್ತದೆ.

ಇಷ್ಟೆಲ್ಲ ಮಾಡಿದರೂ ಅದೃಷ್ಟದ ಪಾಲು ಇದ್ದೇ ಇದೆ. 2018ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಎನ್‌ಐಎಚ್‌ನಿಂದ ಕೊನೆಗೆ ಹಣ ಸಿಕ್ಕಿದ್ದ 25 ನಿಜವಾದ ಅರ್ಜಿಗಳನ್ನು 43 ಪರಿಶೀಲಕರಿಗೆ ಹಂಚಿ ಸಭೆ ನಡೆಸಿದರು. ಒಂದೇ ಅರ್ಜಿ ಓದಿದ ಇಬ್ಬರ ನಡುವೆ ಒಮ್ಮತ ಅನ್ನುವುದೇ ಕಾಣಲಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಇವೆಲ್ಲ ಒಳ್ಳೆಯ ಅರ್ಜಿಗಳು ಅನ್ನೋದನ್ನ ಮರೆಯಬಾರದು. ತೀರಾ ಕಳಪೆಯನ್ನು ಬೇರೆ ಮಾಡುವುದು ಪರಿಶೀಲಕರಿಗೆ ಕಷ್ಟವಲ್ಲ. ಒಳ್ಳೆಯದರಲ್ಲಿ ಒಳ್ಳೆಯದು ಯಾವುದು ಅನ್ನುವಾಗ ಕೈ ನಡುಗುತ್ತದೆ. ಹಿರಿಯರ ಸ್ಪರ್ಧೆ ನಡೆಯುವುದು ಸರಿಯಾಗಿ ಅದೇ ಜಾಗದಲ್ಲಿ. ಅದಕ್ಕೇ ಒಮ್ಮೆ ಬಿದ್ದ ಅರ್ಜಿಯನ್ನು ಕಸದಬುಟ್ಟಿಗೆ ಹಾಕದೆ, ತಿದ್ದಿ ಮತ್ತೆ ಹಾಕುವವರು ಗೆಲ್ಲುತ್ತಾರೆ.

ಹೆಸರನ್ನು ಮುಚ್ಚಿಟ್ಟರೆ?

ಸಂಸ್ಥೆಗಳಿಗೂ ಇದೆಲ್ಲ ಗೊತ್ತು. ಈಚೆಗೆ ಆಗುತ್ತಿರುವ ಬದಲಾವಣೆಗಳು ಹೆಚ್ಚಾಗಿ ಒಂದೇ ಕಡೆ ಹೋಗುತ್ತಿವೆ: ಹೆಸರಿನ ತೂಕ ಇಳಿಸುವ ಕಡೆ.

ಹಬಲ್ ದೂರದರ್ಶಕದಲ್ಲಿ ವೀಕ್ಷಣೆಯ ಸಮಯ ಪಡೆಯುವುದಕ್ಕೂ ಅನುದಾನದ ಹಾಗೇ ಪೈಪೋಟಿ. 2018ರಿಂದ ಅಲ್ಲಿ ಅರ್ಜಿದಾರರ ಹೆಸರನ್ನು ಪರಿಶೀಲಕರಿಗೆ ತೋರಿಸುವುದನ್ನು ನಿಲ್ಲಿಸಿದರು. ಆ ಮೊದಲ ಸುತ್ತಿನಲ್ಲೇ ಮಹಿಳೆಯರ ಯಶಸ್ಸಿನ ಪ್ರಮಾಣ ಪುರುಷರದ್ದಕ್ಕಿಂತ ಸ್ವಲ್ಪ ಮೇಲೆ ಹೋಯಿತು. ಅಂಥ ದಿನ ಅಲ್ಲಿ ಹಿಂದೆ ಬಂದಿರಲಿಲ್ಲ. ಮೊದಲ ಸಲ ಅರ್ಜಿ ಹಾಕಿ ಗೆದ್ದವರೂ ಜಾಸ್ತಿಯಾದರು. ನಾಸಾ ಆಮೇಲೆ ಈ ಪದ್ಧತಿಯನ್ನು ತನ್ನ ಇನ್ನಷ್ಟು ಅನುದಾನಗಳಿಗೂ ತಂದಿತು. ಅಲ್ಲಿ ಹಿರಿಯರು "ನಾವು ಹಿಂದೆ ತೋರಿಸಿದಂತೆ" ಅಂತ ಬರೆಯುವಂತಿಲ್ಲ. ತಮ್ಮದೇ ಪೇಪರ್ ಅನ್ನು ಮೂರನೆಯವರ ಪೇಪರ್ ಅನ್ನುವ ಹಾಗೆ ಉಲ್ಲೇಖಿಸಬೇಕು. ತಂಡದ ಅರ್ಹತೆ ನೋಡುವುದು ವಿಜ್ಞಾನಕ್ಕೆ ಅಂಕ ಬಿದ್ದ ಮೇಲೆ. ಸುಮ್ನೆ ಒಂದು ಸರ್ವನಾಮ ಬದಲಿಸಿದರೆ ಸಾಕು ಅಂದುಕೊಳ್ಳಬೇಡಿ. ಮೂವತ್ತು ವರ್ಷ 'ನಾವು' ಅಂತ ಬರೆದವರಿಗೆ ಅದು ದೊಡ್ಡ ಶಿಕ್ಷೆ.

ಕೆನಡಾದಲ್ಲಿ ಉಲ್ಟಾ ನಡೆಯಿತು. ಅಲ್ಲಿನ ಆರೋಗ್ಯ ಸಂಶೋಧನಾ ಸಂಸ್ಥೆ 2014ರಲ್ಲಿ ಎರಡು ದಾರಿ ಮಾಡಿತು. ಒಂದರಲ್ಲಿ ಯೋಜನೆಗೆ ಮುಖ್ಯ ಅಂಕ, ಇನ್ನೊಂದರಲ್ಲಿ ವಿಜ್ಞಾನಿಗೆ. ಒಳ್ಳೆಯ ವಿಜ್ಞಾನಿಯನ್ನು ಆರಿಸಿ ವರ್ಷಗಟ್ಟಲೆ ಹಣ ಕೊಟ್ಟು ಸುಮ್ಮನೆ ಬಿಟ್ಟುಬಿಡೋಣ ಅನ್ನುವ ಆಸೆ. ಕೇಳೋಕೆ ಚೆನ್ನಾಗಿದೆ. ಸುಮಾರು 24,000 ಅರ್ಜಿಗಳನ್ನು ನೋಡಿದ ಅಧ್ಯಯನ 2019ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ವಿಜ್ಞಾನವನ್ನು ನೋಡಿ ಅಂಕ ಹಾಕಿದಾಗ ಪುರುಷರ ಮತ್ತು ಮಹಿಳೆಯರ ಯಶಸ್ಸಿನ ನಡುವಿನ ಅಂತರ ಶೇಕಡಾ 0.9 ಅಂಶ. ವಿಜ್ಞಾನಿಯನ್ನು ನೋಡಿ ಹಾಕಿದಾಗ 4 ಅಂಶ. ವ್ಯಕ್ತಿಯ ಯೋಗ್ಯತೆ ಅಳೆಯುತ್ತೇವೆ ಅಂತ ಕೂತವರು ಇನ್ನೇನನ್ನೋ ಅಳೆಯುತ್ತಿದ್ದರು. ವಿಜ್ಞಾನಿಗೆ ಅಂಕ ಹಾಕುವ ಆ ದಾರಿ ಈಗ ಇಲ್ಲ.

ಎನ್‌ಐಎಚ್ ನಡುದಾರಿ ಹಿಡಿದಿದೆ. 2025ರ ಜನವರಿ 25ರಿಂದ ಹೊಸ ಪದ್ಧತಿ ಬಂತು. ಸಂಶೋಧನೆಯ ಮಹತ್ವಕ್ಕೆ ಅಂಕ ಇದೆ, ವಿಧಾನದ ಗಟ್ಟಿತನಕ್ಕೆ ಅಂಕ ಇದೆ. ವಿಜ್ಞಾನಿಯ ಪರಿಣತಿಗೂ ಸಂಸ್ಥೆಯ ಸೌಲಭ್ಯಕ್ಕೂ ಬಿಡಿ ಅಂಕ ಇಲ್ಲ. ಈ ಕೆಲಸಕ್ಕೆ ಸಾಕೋ ಸಾಲದೋ ಅಂತ ಮಾತ್ರ ಹೇಳಬೇಕು. ಹೆಸರಿನ ಪ್ರಭಾವ ಕಡಿಮೆ ಮಾಡುವುದೇ ಉದ್ದೇಶ ಅಂತ ಸಂಸ್ಥೆ ನೇರವಾಗಿಯೇ ಹೇಳಿತು. ಆದರೆ ಹೆಸರು ಮುಚ್ಚಿಲ್ಲ. ಅರ್ಜಿಯ ಮೇಲೆ ಹಾಗೇ ಇದೆ. ಕೊನೆಯಲ್ಲಿ ಹಾಕುವ ಒಟ್ಟು ಅಂಕದಲ್ಲಿ ಅದು ನುಸುಳದೆ ಇರುತ್ತದೆ ಅಂತ ನಂಬುವಷ್ಟು ಮುಗ್ಧ ನಾನಲ್ಲ.

ಇದಕ್ಕೂ ಮೊದಲು, 2017ರ ಮೇ ತಿಂಗಳಲ್ಲಿ, ಅದೇ ಸಂಸ್ಥೆ ಇನ್ನೂ ನೇರವಾದ ದಾರಿ ಹಿಡಿಯಲು ಹೊರಟಿತ್ತು. ಪ್ರತಿ ಅನುದಾನಕ್ಕೆ ಇಷ್ಟು ಅಂತ ಪಾಯಿಂಟ್. ಒಂದು ಆರ್01ಗೆ 7 ಪಾಯಿಂಟ್. ಒಬ್ಬರಿಗೆ 21ರ ಮಿತಿ, ಅಂದರೆ ಹೆಚ್ಚುಕಡಿಮೆ ಮೂರು. ಮಿಕ್ಕ ಹಣ ಕಿರಿಯರಿಗೆ ಹೋಗಲಿ ಅನ್ನುವ ಲೆಕ್ಕ. ಹಿರಿಯರು ಎದ್ದು ನಿಂತರು. ದೊಡ್ಡ ಕೇಂದ್ರಗಳನ್ನು ನಡೆಸುವವರು, ನಾಲ್ಕೈದು ಲ್ಯಾಬ್ ಸೇರಿ ಕೆಲಸ ಮಾಡುವವರು ನಮಗೆ ಶಿಕ್ಷೆಯೇ ಅಂತ ಕೇಳಿದರು. ಅವರ ವಾದದಲ್ಲಿ ಹುರುಳಿತ್ತು, ಸ್ವಾರ್ಥವೂ ಇತ್ತು. ಜೂನ್‌ನಲ್ಲಿ ಪ್ರಸ್ತಾವವೇ ಬಿದ್ದುಹೋಯಿತು. ಬದಲಿಗೆ ಕಿರಿಯರಿಗೆ ಬೇರೆ ಹಣ ಮೀಸಲಿಡುವ ಯೋಜನೆ ಬಂತು.

ಸಾಕಬೇಕಾದ ಲ್ಯಾಬ್

ಹಿರಿಯರು ಇಷ್ಟೊಂದು ಹಣಕ್ಕೆ ಯಾಕೆ ಬೀಳುತ್ತಾರೆ ಅಂತ ಕೇಳಬಹುದು. ಆಸೆ ಅಂತ ಹೇಳಿ ಮುಗಿಸೋದು ಸುಲಭ. ಆದರೆ ಒಂದು ಲ್ಯಾಬ್‌ನ ಒಳಗೆ ನಿಂತು ನೋಡಿ. ಹತ್ತು ಹನ್ನೆರಡು ಜನ ಇರುತ್ತಾರೆ. ಇಬ್ಬರು ಪೋಸ್ಟ್‌ಡಾಕ್‌ಗಳ ಸಂಬಳ ಒಂದು ಅನುದಾನದಿಂದ, ಅದು ಮಾರ್ಚ್‌ಗೆ ಮುಗಿಯುತ್ತದೆ. ವಿದ್ಯಾರ್ಥಿಗಳದ್ದು ಇನ್ನೊಂದರಿಂದ, ಅದು ಆಗಸ್ಟ್‌ವರೆಗೆ. ಹದಿನೈದು ವರ್ಷದಿಂದ ಇರುವ ಟೆಕ್ನಿಷಿಯನ್ ಇರುತ್ತಾರೆ. ಯಾವ ಫ್ರೀಜರ್‌ನ ಯಾವ ಅರೆಯಲ್ಲಿ ಯಾವ ಸ್ಯಾಂಪಲ್ ಇದೆ ಅಂತ ಅವರಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಅವರ ಸಂಬಳವೂ ಯೋಜನೆಯ ಹಣದಿಂದಲೇ. ಕಿರಿಯ ವಿಜ್ಞಾನಿಯ ಅರ್ಜಿ ಬಿದ್ದರೆ ನೋವು ಹೆಚ್ಚಾಗಿ ಅವರೊಬ್ಬರದ್ದು. ಹಿರಿಯರದ್ದು ಬಿದ್ದರೆ ಸೋಮವಾರ ಬೆಳಿಗ್ಗೆ ಯಾರನ್ನು ಕರೆದು ಹೇಳಬೇಕು ಅನ್ನುವ ಪಟ್ಟಿ ತಯಾರಾಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಿ ಅಂತ ಹೇಳಬಹುದು. ಆದರೆ ಇಲ್ಲಿ ಹಾಸಿಗೆಯ ಅಳತೆ ಐದು ವರ್ಷಕ್ಕೊಮ್ಮೆ ಬದಲಾಗುತ್ತದೆ.

ಹಾಸಿಗೆ ದೊಡ್ಡದಾದ ಕಾಲವೂ ಒಂದಿತ್ತು. 1998ರಿಂದ 2003ರವರೆಗೆ ಎನ್‌ಐಎಚ್‌ನ ಬಜೆಟ್ ಎರಡು ಪಟ್ಟಾಯಿತು. ಹೊಸ ಕಟ್ಟಡಗಳು ಎದ್ದವು, ಲ್ಯಾಬ್‌ಗಳು ದೊಡ್ಡವಾದವು, ವಿದ್ಯಾರ್ಥಿಗಳು ಸೇರಿದರು. ಆಮೇಲೆ ಬಜೆಟ್ ಬೆಳೆಯುವುದು ನಿಂತಿತು. ಜನ ಮಾತ್ರ ಉಳಿದರು, ಜೊತೆಗೆ ಇವರ ವಿದ್ಯಾರ್ಥಿಗಳೇ ಸ್ಪರ್ಧಿಗಳಾಗಿ ಬಂದರು. ಯಶಸ್ಸಿನ ಪ್ರಮಾಣ ಐದಕ್ಕೆ ಒಂದರ ಆಸುಪಾಸಿಗೆ ಇಳಿಯಿತು. ಅಲ್ಲಿ ಮೊದಲ ಆರ್01 ಪಡೆಯುವವರ ಸರಾಸರಿ ವಯಸ್ಸು 40 ದಾಟಿದೆ. ಹಣ ಹೆಚ್ಚು ಕೊಟ್ಟರೆ ಎಲ್ಲ ಸರಿಹೋಗುತ್ತೆ ಅನ್ನುವವರಿಗೆ ಈ ಐದು ವರ್ಷದ ಕಥೆ ಒಳ್ಳೆಯ ಪಾಠ.

ಹಾಗಾಗಿ ಬರೆಯುತ್ತಲೇ ಇರಬೇಕು. ಆಸ್ಟ್ರೇಲಿಯಾದ ಆರೋಗ್ಯ ಸಂಶೋಧನಾ ಅನುದಾನಕ್ಕೆ 2012ರಲ್ಲಿ ಹಾಕಿದ 3,727 ಅರ್ಜಿಗಳಿಗೆ ಎಷ್ಟು ಸಮಯ ಹೋಯಿತು ಅಂತ ಲೆಕ್ಕ ಹಾಕಿದವರಿದ್ದಾರೆ. ಒಂದು ಹೊಸ ಅರ್ಜಿಗೆ ಸರಾಸರಿ 38 ಕೆಲಸದ ದಿನ. ಎಲ್ಲ ಸೇರಿ ಸುಮಾರು 550 ವರ್ಷದ ದುಡಿಮೆ. ಗೆದ್ದಿದ್ದು ಐದರಲ್ಲಿ ಒಂದು. ಅಮೆರಿಕದಲ್ಲಿ 2018ರ ಸಮೀಕ್ಷೆಯೊಂದರಲ್ಲಿ ಸರ್ಕಾರಿ ಹಣ ಪಡೆದ ಸಂಶೋಧಕರು ತಮ್ಮ ಸಂಶೋಧನೆಯ ಸಮಯದಲ್ಲಿ ಶೇಕಡಾ 44ರಷ್ಟು ಕಾಗದಪತ್ರ, ಆಡಳಿತಕ್ಕೇ ಹೋಗುತ್ತದೆ ಅಂದರು. ಇನ್ನೂ ಬೇಜಾರಿನ ವಿಷಯ, ಜಾಸ್ತಿ ಅನುಭವ ಇರುವವರೇ ಬೆಂಚಿನಿಂದ ಜಾಸ್ತಿ ದೂರ ಇರುತ್ತಾರೆ. ಇಪ್ಪತ್ತೈದು ವರ್ಷ ಸೂಕ್ಷ್ಮದರ್ಶಕ ನೋಡಿ ಪಳಗಿದ ಕಣ್ಣು ಈಗ ಬಜೆಟ್ಟಿನ ಸಾಲುಗಳನ್ನು ನೋಡುತ್ತಿರುತ್ತದೆ.

ಇದಕ್ಕೆ ಸುಲಭದ ಒಂದು ಮದ್ದು ಸಿಕ್ಕಿತ್ತು. ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಶನ್ ಭೂವಿಜ್ಞಾನದ ಕೆಲವು ವಿಭಾಗಗಳಲ್ಲಿ ಡೆಡ್‌ಲೈನ್ ತೆಗೆದುಹಾಕಿ, ಯಾವಾಗ ಬೇಕಾದರೂ ಅರ್ಜಿ ಹಾಕಿ ಅಂತ ಹೇಳಿತು. ಅರ್ಜಿಗಳು ಅರ್ಧಕ್ಕಿಂತ ಕಡಿಮೆಯಾದವು. ಕೊನೆಯ ದಿನ ಅಂತ ಒಂದು ಇದ್ದಾಗ ಸಿದ್ಧ ಇಲ್ಲದವರೂ ಏನೋ ಒಂದು ಬರೆದು ಹಾಕುತ್ತಿದ್ದರು. ಕೊನೆಯ ದಿನವೇ ಇಲ್ಲದಾಗ ಯೋಚನೆ ಮಾಗುವ ತನಕ ಕಾದರು. ಇಷ್ಟು ಅಗ್ಗದ ಉಪಾಯವನ್ನು ಇನ್ನೂ ಎಷ್ಟೋ ಸಂಸ್ಥೆಗಳು ಯಾಕೆ ಹಿಡಿಯುತ್ತಿಲ್ಲ ಅನ್ನೋದು ನನಗೆ ಇನ್ನೂ ಅರ್ಥವಾಗಿಲ್ಲ.

ಇನ್ನೊಂದು ದಾರಿ ಚೀಟಿ ಎತ್ತುವುದು. ನ್ಯೂಜಿಲೆಂಡ್‌ನ ಆರೋಗ್ಯ ಸಂಶೋಧನಾ ಮಂಡಳಿ 2013ರಿಂದ, ಜರ್ಮನಿಯ ಫೋಕ್ಸ್‌ವ್ಯಾಗನ್ ಫೌಂಡೇಶನ್ 2017ರಿಂದ, ಬ್ರಿಟಿಷ್ ಅಕಾಡೆಮಿ 2022ರಿಂದ ಕೆಲವು ಸಣ್ಣ ಅನುದಾನಗಳಲ್ಲಿ ಇದನ್ನು ಮಾಡಿ ನೋಡಿದ್ದಾರೆ. ಯೋಗ್ಯ ಅನ್ನಿಸಿದವನ್ನೆಲ್ಲ ಒಂದು ಡಬ್ಬಿಗೆ ಹಾಕಿ ಎತ್ತುವುದು. ದೊಡ್ಡ ಅನುದಾನಗಳನ್ನು ಪೂರ್ತಿ ಹೀಗೇ ಹಂಚುವ ಧೈರ್ಯ ಯಾರಿಗೂ ಬಂದ ಹಾಗಿಲ್ಲ.

ಯಂತ್ರ ಬರೆದ ಅರ್ಜಿ

ಈಗ ಇದಕ್ಕೆಲ್ಲ ಎಐ ಬಂದು ಸೇರಿಕೊಂಡಿದೆ. 38 ದಿನದ ಕೆಲಸ ಮೂರು ದಿನಕ್ಕೆ ಇಳಿದರೆ ಏನಾಗುತ್ತದೆ? ಎನ್‌ಐಎಚ್‌ಗೆ ಒಂದೇ ಸುತ್ತಿನಲ್ಲಿ ಒಬ್ಬರಿಂದಲೇ 40ಕ್ಕೂ ಹೆಚ್ಚು ಅರ್ಜಿ ಬಂದ ಉದಾಹರಣೆ ಸಿಕ್ಕಿತು. 2025ರ ಜುಲೈನಲ್ಲಿ ನಿಯಮ ಹೊರಟಿತು: ಒಬ್ಬ ಮುಖ್ಯ ಸಂಶೋಧಕರು ವರ್ಷಕ್ಕೆ ಆರು ಅರ್ಜಿಗಿಂತ ಹೆಚ್ಚು ಹಾಕುವಂತಿಲ್ಲ, ಬಹುಪಾಲು ಎಐ ಬರೆದಿದ್ದನ್ನು ಸ್ವಂತದ್ದು ಅಂತ ಒಪ್ಪುವುದಿಲ್ಲ. ಸೆಪ್ಟೆಂಬರ್ 25ರಿಂದ ಅದು ಜಾರಿಗೆ ಬಂತು. ಪರಿಶೀಲಕರು ಎಐಗೆ ಅರ್ಜಿ ಓದಿಸಬಾರದು ಅಂತ 2023ರಲ್ಲೇ ಹೇಳಿದ್ದರು. ಗುಟ್ಟಾಗಿ ಇರಬೇಕಾದ ಯೋಚನೆ ಹೊರಗೆ ಹೋಗುತ್ತದೆ ಅನ್ನುವ ಕಾರಣಕ್ಕೆ.

ನನಗನ್ನಿಸುವ ಪ್ರಕಾರ ಇದರ ಪೆಟ್ಟು ಹಿರಿಯರಿಗೆ ವಿಚಿತ್ರವಾಗಿ ಬೀಳುತ್ತದೆ. ನಯವಾದ ಬರಹ ಇಷ್ಟು ದಿನ ಅನುಭವದ ಗುರುತಾಗಿತ್ತು. ಹತ್ತಾರು ಅರ್ಜಿ ಬರೆದು ಕೈ ಪಳಗಿದವರ ವಾಕ್ಯ ಬೇರೆಯೇ ಇರುತ್ತಿತ್ತು. ಈಗ ಎಲ್ಲರದ್ದೂ ನಯವೇ. ಹಾಗಾಗಿ ಪರಿಶೀಲಕರ ಕಣ್ಣು ಯಂತ್ರಕ್ಕೆ ಗೊತ್ತಿರಲಾರದ ವಿವರಗಳನ್ನು ಹುಡುಕುತ್ತದೆ: ಇನ್ನೂ ಪ್ರಕಟವಾಗದ ಫಲಿತಾಂಶ, ಕೈಕೊಟ್ಟ ಪ್ರಯೋಗ, ಒಂದು ವಿಧಾನ ಈ ಕೋಶದಲ್ಲಿ ಯಾಕೆ ಕೆಲಸ ಮಾಡುವುದಿಲ್ಲ ಅನ್ನುವ ಕಷ್ಟಪಟ್ಟು ಕಲಿತ ಮಾತು. ಇಂಥವು ಹಿರಿಯರ ಹತ್ತಿರ ರಾಶಿ ಇವೆ. ಅವರು ಅದನ್ನು ಬರೆಯುವುದಿಲ್ಲ, ಅಷ್ಟೇ. ಸೋಲಿನ ವಿವರ ಬರೆದರೆ ಅಂಕ ಹೋಗುತ್ತೆ ಅಂತ ಭಯ.

ಮೇಡಂ ಅರ್ಜಿ ಮೊದಲ ಸಲ ಬಿತ್ತು. ಎರಡನೇ ಸಲ, ಕೈಕೊಟ್ಟ ಒಂದು ಪ್ರಯೋಗವನ್ನೂ ಸೇರಿಸಿ ಬರೆದಿದ್ದಾರೆ. ಫಲಿತಾಂಶ ಬರಬೇಕು. ಸಿಕ್ಕರೆ ಐದು ವರ್ಷ. ಅದು ಮುಗಿಯುವ ಹೊತ್ತಿಗೆ ಅವರಿಗೆ 64.

ಅದರ ಮುಂದೆ? ಹಿರಿಯ ವಿಜ್ಞಾನಿಗಳು ನಿಲ್ಲಿಸುವುದು ಹೇಗೆ ಅನ್ನುವುದಕ್ಕೆ ಅನುದಾನದ ಲೋಕದಲ್ಲಿ ಸರಿಯಾದ ಫಾರಮ್ಮೇ ಇಲ್ಲ. 2015ರಲ್ಲಿ ಎನ್‌ಐಎಚ್ ಒಂದು ಯೋಚನೆಯನ್ನು ಜನರ ಮುಂದಿಟ್ಟಿತ್ತು. ಹಿರಿಯರಿಗೆ ಲ್ಯಾಬ್ ಮುಚ್ಚುವುದಕ್ಕೇ ಒಂದು ಅನುದಾನ. ಎರಡು ಮೂರು ವರ್ಷದಲ್ಲಿ ಮಾದರಿಗಳನ್ನು, ಉಪಕರಣಗಳನ್ನು, ಅರ್ಧ ನಿಂತ ಪ್ರಶ್ನೆಗಳನ್ನು ಕಿರಿಯರೊಬ್ಬರಿಗೆ ಒಪ್ಪಿಸಿ ಗೌರವವಾಗಿ ಹೊರಡಲಿ ಅಂತ. ಎರಡೂ ಕಡೆಯಿಂದ ಬೈಗುಳ ಬಂತು. ನಮ್ಮನ್ನು ಓಡಿಸುತ್ತಿದ್ದೀರಾ ಅಂತ ಹಿರಿಯರು ಕೇಳಿದರು. ಹೊರಡುವವರಿಗೂ ನಮ್ಮ ಪಾಲಿನ ದುಡ್ಡೇ ಅಂತ ಕಿರಿಯರು ಕೇಳಿದರು. ಆ ಅನುದಾನ ಬರಲೇ ಇಲ್ಲ. ಹಾಗಾಗಿ ಲ್ಯಾಬ್ ಮುಚ್ಚಬೇಕು ಅಂದುಕೊಂಡವರೂ ಟೆಕ್ನಿಷಿಯನ್ನಿಗೆ ಇನ್ನೆರಡು ವರ್ಷ ಸಂಬಳ ಕೊಡಬೇಕಾದರೆ ಮಾಡಬೇಕಾದ್ದು ಒಂದೇ. ಮುಂದಿನ ಐದು ವರ್ಷದ ಹೊಸ ಯೋಜನೆಯೊಂದನ್ನು ಬರೆಯಲು ಕೂರುತ್ತಾರೆ.